ಎಲೆಕೋಸಿನ ನೀಲಿ

ಬೆಳಗಾದರೆ ಈಸ್ಟರ್. ಒಲೆಯ ಮೇಲೆ ಮೂರು ಪಾತ್ರೆ: ಒಂದರಲ್ಲಿ ಈರುಳ್ಳಿ ಸಿಪ್ಪೆ, ಇನ್ನೊಂದರಲ್ಲಿ ಅರಿಶಿನ, ಮತ್ತೊಂದರಲ್ಲಿ ಹೆಚ್ಚಿದ ನೇರಳೆ ಎಲೆಕೋಸು. ಮೊಟ್ಟೆಗೆ ಈ ಸಲ ಅಂಗಡಿಯ ಬಣ್ಣ ಬೇಡ, ಅಡುಗೆಮನೆಯದೇ ಸಾಕು ಎಂದು ಹಟ ಹಿಡಿದ ಹೆಂಡತಿ ತಿಂಗಳಿಂದ ಸಿಪ್ಪೆ ಕೂಡಿಟ್ಟಿದ್ದಳು. ಡಬ್ಬಿ ತೆಗೆದಾಗಲೆಲ್ಲ ಸಕ್ಕರೆಯ ಬದಲು ಸಿಪ್ಪೆ ಸಿಕ್ಕಿ ಪೇಂಟರ್ ಬೇಸತ್ತು ಹೋಗಿದ್ದ.

"ಮೂವತ್ತು ವರ್ಷ ಬಣ್ಣ ಕಲಸಿದೀನಿ. ನನಗೆ ಕೋಸು ಪಾಠ ಹೇಳಬೇಕಾ?" ಎಂದು ಗೊಣಗಿದ. ಗೊಣಗಾಟದ ಮರೆಯಲ್ಲಿ ಅವನಿಗೆ ಮಂಗಳವಾರದ್ದೇ ಧ್ಯಾನ.

ಮಂಗಳವಾರ ನಿವೃತ್ತ ಹೆಡ್‌ಮಿಸ್ಟ್ರೆಸ್ ಮನೆಯ ಕೆಲಸ. ಹಜಾರದ ಗೋಡೆ ಅರ್ಧ ನೆನೆದು ಸುಲಿದಿತ್ತು. ಉಳಿದರ್ಧದ ಹಳೆಯ ನೀಲಿಗೆ ಹೊಂದುವ ನೀಲಿಯನ್ನು ಕಣ್ಣಳತೆಯಲ್ಲೇ ಕಲಸಬೇಕು. ಆದರೆ ಒಂದು ವರ್ಷದಿಂದ ಅವನ ಕಣ್ಣಿಗೆ ನೀಲಿ ಎಂಬುದು ಪಾತ್ರೆ ತೊಳೆದ ನೀರಿನ ಹಾಗೆ ಕಾಣುತ್ತಿತ್ತು. ಈವರೆಗೆ ಡಬ್ಬಿಯ ಮೇಲಿನ ಹೆಸರು ಓದಿ ಮಾನ ಉಳಿಸಿಕೊಂಡಿದ್ದ. ಹಳೆಯ ಗೋಡೆ ಹೆಸರು ಬರೆದುಕೊಂಡು ನಿಂತಿರುತ್ತದೆಯೇ? ಬಣ್ಣ ಕಾಣದ ಪೇಂಟರನ್ನು ಯಾರು ಕರೆಯುತ್ತಾರೆ?

ಮೇಜಿನ ಬಳಿ ಕೂತಿದ್ದ ಭಾವಮೈದುನ, ಬಸ್ ಡ್ರೈವರ್, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಹೆಡ್‌ಮಿಸ್ಟ್ರೆಸ್ ಆಗಿಬಿಟ್ಟಿದ್ದ. "ಪೇಂಟರ್, ನನಗೆ ಆಕಾಶದ ನೀಲಿ ಬೇಡ. ಬೆಳಗ್ಗೆ ಏಳೂಕಾಲಿಗೆ ಆಕಾಶ ಇರತ್ತಲ್ಲ, ಆ ನೀಲಿ. ಏಳೂವರೆದು ತಂದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ!"

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪೇಂಟರ್‌ನ ತುಟಿ ಮಾತ್ರ ನಕ್ಕಿತು.

"ಏನ್ ನೇರಳೆ ನೋಡಿ ಈ ನೀರು!" ಎಂದಳು ಅವಳು, ಬೆಳಗ್ಗೆಯಿಂದ ಕೋಸಿನ ರಸದಲ್ಲಿ ಮುಳುಗಿದ್ದ ಮೊಟ್ಟೆಯನ್ನು ಚಮಚದಿಂದ ತಡಕುತ್ತ. "ವಿನೆಗರ್ ಬಿದ್ದ ಮೇಲೆ ಇನ್ನೂ ಕೆಂಪಗಾಗಿದೆ."

ಪೇಂಟರ್ ಆ ಮಾತನ್ನು ಗಪ್ಪನೆ ಹಿಡಿದುಕೊಂಡ. ಬ್ರಷ್ಷು ಅದ್ದಿದ ಬಣ್ಣವೇ ಗೋಡೆಗೆ ಹತ್ತುವುದು. ಅವನ ಕಸುಬಿನಲ್ಲಿ ಇದಕ್ಕೆ ಎರಡು ಮಾತಿಲ್ಲ. ಅವಳು ಮೊಟ್ಟೆ ಎತ್ತಿ, ಒರೆಸದೆ, ಹಾಗೇ ಬಟ್ಟೆಯ ಮೇಲಿಟ್ಟು "ಹೇಗಿದೆ?" ಎಂದಳು. ಅವನ ಕಣ್ಣಿಗೆ ಒದ್ದೆ ಬೂದಿಯ ಉಂಡೆ ಕಂಡಿತು.

"ಅಬ್ಬಬ್ಬಾ, ಎಂಥಾ ನೇರಳೆ!" ಎಂದ.

ಭಾವಮೈದುನ ಬಗ್ಗಿ ನೋಡಿ ಕಣ್ಣರಳಿಸಿದ. "ಎಂಥಾ ನೇರಳೆ!" ಎಂದು ಭಾವನದೇ ದಪ್ಪ ಗಂಟಲಲ್ಲಿ ಅಣಕಿಸಿ, "ಭಾವ, ತಮಾಷೆನಾ?" ಎಂದ.

ಪೇಂಟರ್ ಬಾಯಿ ತೆರೆಯುವ ಮೊದಲೇ ಹೆಂಡತಿ, "ಹೌದು, ನೇರಳೆನೇ. ಚೆನ್ನಾಗಿ ಹತ್ತಿದೆ," ಎಂದಳು.

"ಅಕ್ಕ, ನಿಂಗೂ ಏನಾಯ್ತು? ನೀರು ನೇರಳೆ, ಸರಿ. ಮೊಟ್ಟೆ ಅಪ್ಪಟ ನೀಲಿ ಅಲ್ವಾ! ಕೋಸು ಮೋಸ ಮಾಡಿದೆ!"

"ನೀನು ಹೋಗಿ ಸಿರ್ಕಾ ತಗೊಂಡ್ ಬಾ."

"ಸಿರ್ಕಾ ಅಂದ್ರೆ ವಿನೆಗರ್ ತಾನೇ? ಅರ್ಧ ಬಾಟಲಿ ಇಲ್ಲೇ ಇದೆ..."

"ಇನ್ನೊಂದು ತಗೊಂಡ್ ಬಾ ಅಂದೆ."

ಅಕ್ಕನ ಮುಖ ನೋಡಿದವನೇ ಚಪ್ಪಲಿ ಹುಡುಕಿಕೊಂಡು ಹೊರಟ.

ಈರುಳ್ಳಿ ಸಿಪ್ಪೆ ಕೊತಕೊತ ಕುದಿಯುತ್ತಿತ್ತು. ಪೇಂಟರ್‌ಗೆ ತನ್ನ ತಪ್ಪಿಗಿಂತ ಅವಳ ಸುಳ್ಳು ಹೆಚ್ಚು ಚುಚ್ಚಿತು. ಕಣ್ಣಾರೆ ನೀಲಿ ಕಂಡವಳು ಯಾಕೆ ನೇರಳೆ ಎನ್ನಬೇಕು?

"ಯಾವಾಗಿಂದ ಗೊತ್ತು?" ಎಂದ.

"ತಮ್ಮನ ಮದುವೆಗೆ ಒಂದು ಕಾಲಿಗೆ ಕರಿ ಕಾಲುಚೀಲ, ಒಂದಕ್ಕೆ ನೀಲಿ ಹಾಕ್ಕೊಂಡು ಬಂದ್ರಲ್ಲ, ಅವತ್ತಿಂದ. ಆಮೇಲೆ ಜೋಡಿ ಸೇರಿಸಿ ಗಂಟು ಹಾಕಿಡ್ತಿದ್ದೆ. ನೀವು ನೋಡಿರಲಿಲ್ವಾ?"

ನೋಡಿದ್ದ. ಅಚ್ಚುಕಟ್ಟು ಅಂದುಕೊಂಡಿದ್ದ.

"ಹೇಳಬಾರದಿತ್ತಾ?"

"ನೀವೇ ಹೇಳ್ತೀರಿ ಅಂತ ಕಾದೆ. ಪೊರೆ ಬಂದಿರಬಹುದು ರೀ, ತೋರಿಸಿದ್ರೆ ತೆಗೀತಾರೆ. ಆದ್ರೆ ಮಂಗಳವಾರಕ್ಕೆ ಮುಂಚೆ ಆಗಲ್ಲ."

ಅವನು ಅಂಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದ.

"ಮೇಡಂ, ಪೇಂಟರ್ ಮಾತಾಡ್ತಿರೋದು. ನಿಮ್ಮ ಗೋಡೆಯ ನೀಲಿ ನನ್ನ ಕಣ್ಣಿಗೆ ಸರಿಯಾಗಿ ಕಾಣ್ತಿಲ್ಲ. ಮೊದಲೇ ಹೇಳಬೇಕಿತ್ತು. ಬಣ್ಣ ಹೊಂದಿದೆಯಾ ಅಂತ ನೋಡೋಕೆ ನನ್ನ ಹೆಂಡ್ತೀನ ಕರ್ಕೊಂಡ್ ಬರ್ತೀನಿ. ಒಪ್ಪಿಗೆ ಆಗದಿದ್ರೆ ಬೇರೆಯವರನ್ನ ಕರೀರಿ."

ಆ ಕಡೆಯ ದನಿ ಭಾವಮೈದುನನ ಅಣಕವನ್ನು ಕಿಂಚಿತ್ತೂ ಹೋಲುತ್ತಿರಲಿಲ್ಲ, ಮೆಲ್ಲಗಿತ್ತು, ದಣಿದಿತ್ತು. "ಯೋಚನೆ ಮಾಡಿ ಸೋಮವಾರ ಹೇಳ್ತೀನಪ್ಪ," ಎಂದಿತು.

ಫೋನ್ ಇಟ್ಟ. ಹೆಂಡತಿ ಕೋಸಿನ ರಸದಿಂದ ಇನ್ನೊಂದು ಮೊಟ್ಟೆ ಎತ್ತಿ ಮೊದಲಿನದರ ಪಕ್ಕದಲ್ಲಿಟ್ಟಳು.

"ಹೇಗಿದೆ ಹೇಳು," ಎಂದ.

"ನೀಲಿ."

"ಅದು ಡಬ್ಬಿ ಮೇಲೂ ಬರೆದಿರತ್ತೆ. ಎಂಥ ನೀಲಿ?"

ಅವಳು ಮೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ನಿಮ್ಮ ಹಳೇ ಕೆಲಸದ ಅಂಗಿ ಇತ್ತಲ್ಲ, ನಾನು ಒಗೆದು ಒಗೆದು... ಆರನೇ ತಿಂಗಳಿಗೆ ಹೇಗಿತ್ತು, ಹಾಗೆ. ಬುಡದಲ್ಲಿ ಮಾತ್ರ ಸ್ವಲ್ಪ ಗಾಢ."

ಅವನು ಕಣ್ಣು ಮುಚ್ಚಿದ. ಅಂಗಿ ಕಂಡಿತು; ಬಣ್ಣದ ಹದ ನೋಡುವಂತೆ ಹೆಬ್ಬೆರಳು ತಾನಾಗಿ ತೋರುಬೆರಳಿಗೆ ಉಜ್ಜಿಕೊಂಡಿತು.

"ಹಾಗಾದ್ರೆ ಬಿಳಿ ಜಾಸ್ತಿ," ಎಂದ. "ಜೊತೆಗೆ ಒಂದು ಚಿಟಿಕೆ ಕಪ್ಪು."