ಇಲ್ಲದ ಮರ ಸುತ್ತಿದ ಬ್ಯಾಂಡು

ಗಣರಾಜ್ಯೋತ್ಸವದ ಆ ಬೆಳಗ್ಗೆ ತಿಪಟೂರಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಎಂಟು ಗಂಟೆಗೆ ಸೂರ್ಯದೇವರು ಮನಸ್ಸು ಮಾಡಿ ಮುಖ ತೋರಿಸಿದಾಗ, ಕ್ರೀಡಾಂಗಣದ ಮೂಲೆಯಲ್ಲಿ ಇಂಪನಾ ಬೆಳ್ಳಿ ಗುಂಡಿನ ಕೋಲನ್ನು ಎದೆಗವಚಿಕೊಂಡು ಶಿವನನ್ನು ನೆನೆಯುತ್ತಿದ್ದಳು. ಕಾಲೇಜು ಬ್ಯಾಂಡಿನ ಮುಂದೆ ಆ ಕೋಲು ಹಿಡಿದವರೇ ನಾಯಕರು. ಹೋದ ವರ್ಷ ಅದು ಉಜ್ವಲನ ಕೈಯಲ್ಲಿತ್ತು. ಈ ವರ್ಷ ಪರೀಕ್ಷೆ ಇಟ್ಟು ಅವಳಿಗೆ ಕೊಟ್ಟಿದ್ದರು. ಆದರೆ ಬ್ಯಾಂಡಿನ ಮೇಷ್ಟ್ರು ಬಸವಕುಮಾರ್ ಈಗಷ್ಟೇ ಬಂದು ಹೇಳಿಹೋಗಿದ್ದರು.

"ನೋಡಮ್ಮ, ಒಂದು ಹೆಜ್ಜೆ ತಪ್ಪಿದ್ರೂ ಕೋಲು ಅವನಿಗೇ. ಪ್ರಿನ್ಸಿಪಾಲ್ರು ಕೂತವ್ರೆ, ನನ್ ಕೈಲಿ ಏನೂ ಇಲ್ಲ."

ಉಜ್ವಲ್ ಇಸ್ತ್ರಿ ಮುರಿಯದ ಸಮವಸ್ತ್ರದಲ್ಲಿ ಪಕ್ಕದಲ್ಲೇ ಕಾದು ನಿಂತಿದ್ದ. ಮುನಿಸಿಕೊಂಡು ಅಭ್ಯಾಸಕ್ಕೆ ಅವನು ಒಂದು ದಿನವೂ ಬಂದಿರಲಿಲ್ಲ.

ಅಭ್ಯಾಸ ನಡೆದದ್ದು ಶಂಭುಲಿಂಗಯ್ಯನವರ ತೆಂಗಿನ ತೋಟದಲ್ಲಿ. ಕಾಲೇಜು ಮೈದಾನದಲ್ಲಿ ಹೊಸ ಕಟ್ಟಡಕ್ಕೆಂದು ಜಲ್ಲಿ ಸುರಿದಿದ್ದರಿಂದ, "ಬನ್ನಿ ಮಕ್ಕಳೇ, ಮರಗಳೂ ಒಂದಿಷ್ಟು ಸಂಗೀತ ಕೇಳ್ಲಿ" ಎಂದು ಆ ಹಿರಿಯರು ಬೇಲಿ ತೆಗೆದಿದ್ದರು. ಅವರ ತಾತ ಹಗ್ಗ ಹಿಡಿದು ಸಾಲು ನೋಡದೆ, ಮನಸ್ಸು ಬಂದಲ್ಲೆಲ್ಲ ಗುಂಡಿ ತೋಡಿ ನೆಟ್ಟ ತೋಟ ಅದು. ಮೂರು ತಿಂಗಳು ಮಕ್ಕಳು ಮರ ಬಂದಾಗ ಎಡಕ್ಕೆ ಸುತ್ತಿ, ನೀರಿನ ಪೈಪು ಬಂದಾಗ ಕಾಲೆತ್ತಿ, ಗರಿ ಜೋತಲ್ಲಿ ತಲೆ ತಗ್ಗಿಸಿ ನಡೆದರು. ಬಯಲಿಗೆ ಬಂದಾಗ ಇದನ್ನೆಲ್ಲ ಮರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಸೀಟಿ ಕೂಗಿತು. ಡ್ರಮ್ಮುಗಳು ಗುಡುಗಿದವು, ಕಹಳೆಗಳು ಮೊಳಗಿದವು, ಇಂಪನಾಳ ಮೈ ಜುಮ್ಮೆಂದಿತು. ಎದುರಿನ ವೇದಿಕೆಯ ಮೇಲೇ ಕಣ್ಣಿಟ್ಟು ಹನ್ನೆರಡು ಹೆಜ್ಜೆ ನೆಟ್ಟಗೆ ನಡೆದಳು. ಹದಿಮೂರನೆಯದಕ್ಕೆ ಬೆನ್ನ ಹಿಂದಿನ ಸದ್ದು ಪಕ್ಕಕ್ಕೆ ಸರಿಯಿತು. ತಿರುಗಿ ನೋಡಿದರೆ, ನಲವತ್ತು ಮಂದಿಯ ಬ್ಯಾಂಡು ಒಂದೇ ಲಯದಲ್ಲಿ, ಅಲ್ಲಿಲ್ಲದ ಮರವೊಂದನ್ನು ಸುತ್ತುತ್ತಿತ್ತು.

"ಲೇ ಭೀಮರಾಜು, ಎತ್ಲಾಗೋ?" ಹಲ್ಲು ಕಚ್ಚಿಕೊಂಡೇ ಕೇಳಿದಳು.

ದೊಡ್ಡ ಡ್ರಮ್ಮು ಹೊತ್ತ ಭೀಮರಾಜು ಬೆವೆತುಹೋಗಿದ್ದ. "ಕಾಲು ಮಾತು ಕೇಳ್ತಿಲ್ಲ ಕಣೇ. ನಿಲ್ಸಿದ್ರೆ ತಾಳ ಕೆಡ್ತದೆ."

ಮೇಷ್ಟ್ರು ಅಂಚಿನಿಂದ ಕೈಬೀಸಿದರು. ಉಜ್ವಲ್ ಓಡಿ ಬಂದ.

"ಕೊಡಿಲ್ಲಿ. ನಡೆಯೋದು ಹೆಂಗೆ ಅಂತ ತೋರಿಸ್ತೀನಿ."

ಕೋಲು ಕಿತ್ತುಕೊಂಡು, ಗೆರೆ ಎಳೆದಂತೆ ವೇದಿಕೆಯತ್ತ ನೆಟ್ಟಗೆ ಹೊರಟ. ಬ್ಯಾಂಡು ಎರಡನೆಯ ಮರಕ್ಕೆ ಎಡಕ್ಕೆ ಹೊರಳಿತು.

ಇಂಪನಾಳ ಕಣ್ಣು ತುಂಬಿತು. ಮೈದಾನದಾಚೆ ಹೋಗಿ ಅಳಬಹುದಿತ್ತು. ಆದರೆ ಭಗವಂತ ಕಾಲಿಗೆ ಕೊಟ್ಟ ನೆನಪನ್ನು ತಡೆಯುವವರು ಯಾರು? ಬರಿಗೈಯನ್ನೇ ಮೇಲೆತ್ತಿ ಅವಳು ಬ್ಯಾಂಡಿನ ಮುಂದೆ ಸೇರಿಕೊಂಡಳು.

"ಪೈಪು" ಎಂದಳು. ನಲವತ್ತು ಮೊಣಕಾಲು ಒಟ್ಟಿಗೆ ಎದ್ದವು.

"ಗರಿ." ನಲವತ್ತು ತಲೆ ಒಟ್ಟಿಗೆ ಬಾಗಿದವು.

ಜನರ ನಡುವೆ ಕೂತಿದ್ದ ಶಂಭುಲಿಂಗಯ್ಯ ಹಣೆಯ ವಿಭೂತಿ ಸುಕ್ಕಾಗುವಷ್ಟು ಹುಬ್ಬೇರಿಸಿ ಎದ್ದು ನಿಂತರು. "ಅದು ನನ್ ತೋಟ ಕಣ್ರೀ. ಈಗ ಬಾವಿ ಬರ್ತದೆ, ನೋಡ್ತಿರಿ."

ಬ್ಯಾಂಡು ಎರಡಾಗಿ ಸೀಳಿ, ಬಾವಿಯಷ್ಟು ಜಾಗ ಬಿಟ್ಟು, ಆಚೆ ಮತ್ತೆ ಒಂದಾಯಿತು. ಇಡೀ ಮೈದಾನ ಚಪ್ಪಾಳೆ ತಟ್ಟಿತು.

"ಆ ಮೂಲೆ ಖಾಲಿ ಬಿಟ್ಟಿದ್ದೀರಲ್ಲ" ಎಂದರು ಪಕ್ಕದಲ್ಲಿ ಕೂತಿದ್ದ ತಿಪ್ಪಯ್ಯ, ಬ್ಯಾಂಡು ಸುಳಿಯದ ಜಾಗ ತೋರಿಸಿ. "ಒಂದು ಸಸಿ ಇಡಬೌದಿತ್ತು ಬುಡಿ."

ಅತ್ತ ಉಜ್ವಲ್ ಒಬ್ಬನೇ ವೇದಿಕೆ ಮುಟ್ಟಿ ಸಲ್ಯೂಟ್ ಹೊಡೆದ. ತಹಶೀಲ್ದಾರರು ಎದ್ದು ಮರುವಂದನೆ ಸಲ್ಲಿಸಿ, ಅವನ ಹಿಂದೆ ಇಣುಕಿ, ಮೆಲ್ಲಗೆ ಕೇಳಿದರು. "ನಿನ್ ಬ್ಯಾಂಡೆಲ್ಲಪ್ಪ?"

ಅವನು ತಿರುಗಿ ನೋಡಿದ. ಆಮೇಲೆ ಬಂದ ದಾರಿಯಲ್ಲೇ ಹಿಂತಿರುಗಿದ. ಅರ್ಧಕ್ಕೆ ಬಂದಾಗ ಜನ ಕೂಗಿದರು. "ಮರ ಅದೆ ಕಣಪ್ಪ, ಮರ."

ಉಜ್ವಲ್ ಗಕ್ಕನೆ ನಿಂತ. ಕಿವಿ ಕೆಂಪಾಯಿತು. ಎಡಕ್ಕೆ ಹೊರಳಿ, ಪಾತಿ ತುಳಿಯದಂತೆ ಎಚ್ಚರದಿಂದ ಸುತ್ತಿಕೊಂಡು ಬಂದು, ತಲೆ ಎತ್ತದೆ, ಇಂಪನಾಳ ಬರಿಗೈಯಲ್ಲಿ ಕೋಲನ್ನಿಟ್ಟ.