ಹಲ್ಲಲ್ಲಿ ಕಚ್ಚಿದ ಟಾರ್ಚು

ನನ್ನ ತಂಗಿ ತೀರಿಕೊಂಡ ಸುದ್ದಿ ಬಂದ ದಿನವೇ ಬ್ಯಾಂಕಿನವರೂ ಬಂದರು. ತಂಗಿ ಸೂಲಗಿತ್ತಿ. ಪಕ್ಕದ ಊರಿಗೆ ಹೆರಿಗೆ ಮಾಡಿಸಲು ಹೋದವಳು ಕೆಲಸ ಮುಗಿಸಿ, ಕೈ ತೊಳೆದು, ಗೋಡೆಗೆ ಒರಗಿ ಕೂತಳಂತೆ, ಮತ್ತೆ ಏಳಲಿಲ್ಲ. ಹಾಲಿನ ಗಾಡಿಯವನು ಬಂದು ಹೇಳಿದ. ತಾಯಿ ಮಗು ಚೆನ್ನಾಗಿದ್ದಾರೆ ಎಂದೂ ಹೇಳಿದ. ಅದನ್ನು ಹೇಳಲು ಮರೆತಿದ್ದರೆ ಅವಳು ಸತ್ತ ಮೇಲೂ ಅವನನ್ನು ಬಿಡುತ್ತಿರಲಿಲ್ಲ.

ನಮ್ಮ ಓಣಿಗೆ ಕರೆಂಟಿಲ್ಲ. ಇಲ್ಲಿನ ಹೆರಿಗೆ ಕೋಣೆಯಲ್ಲಿ ಅವಳು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೇ ದುಡಿದಳು. "ಕೈಗೇನೂ ತೊಂದರೆ ಇಲ್ಲ ಅಣ್ಣಾ. ಬಾಯಿ ಖಾಲಿ ಇದ್ದಿದ್ರೆ ಆ ಹೆಣ್ಮಕ್ಕಳಿಗೆ ಎರಡು ಧೈರ್ಯದ ಮಾತು ಹೇಳ್ತಿದ್ದೆ," ಎನ್ನುತ್ತಿದ್ದಳು. ಅದಕ್ಕೇ ಸೋಲಾರ್ ದೀಪಗಳಿಗೆ ಸಾಲ ಕೇಳಿದ್ದಳು. ಕೋಣೆಗೂ ಮನೆಗಳಿಗೂ ಸೇರಿ ಒಂದೇ ಸಾಲ. ಸೀಮೆಎಣ್ಣೆಗೆ ಸುರಿಯುತ್ತಿದ್ದ ದುಡ್ಡನ್ನೇ ಕಂತಾಗಿ ಕಟ್ಟುವುದು, ಮನೆಗೊಬ್ಬರು ಜಾಮೀನು ನಿಲ್ಲುವುದು. ಒಂದು ಮನೆ ತಪ್ಪಿದರೂ ಸಾಲವಿಲ್ಲ.

ನಮ್ಮ ಮನೆಯಿಂದ ಅವಳೇ ನಿಂತಿದ್ದಳು. ಸಾಲ ಹೊತ್ತ ತಲೆಯನ್ನು ದೇವರೆದುರು ಬಾಗಿಸುವುದು ಹೇಗೆಂದು ನಾನು ಒಲ್ಲೆನೆಂದಿದ್ದೆ.

"ನೀನು ದೇವರಿಗೆ ಹಚ್ಚೋ ದೀಪದ ಎಣ್ಣೆ ಅಂಗಡಿಯಿಂದ ಕಡ ತಂದದ್ದೇ ಅಲ್ವಾ? ದೇವರೇನು ಊದಿ ಆರಿಸಿದ್ನಾ?" ಎಂದು ಅವಳು ನಕ್ಕಿದ್ದಳು.

ಬ್ಯಾಂಕಿನ ಹೆಣ್ಣುಮಗಳು ಸುದ್ದಿ ಕೇಳಿ ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತಳು. "ಈ ಸಾಲಕ್ಕೆ ಇವತ್ತೇ ಕೊನೇ ದಿನ, ಅಜ್ಜ. ಅವರ ಬದಲು ನಿಮ್ಮ ಮನೆಯಿಂದ ಇನ್ನೊಬ್ಬರು ಜಾಮೀನು ನಿಲ್ಬೇಕು. ಆದ್ರೆ ಇಂಥಾ ಹೊತ್ತಲ್ಲಿ ಹೇಗೆ ಕೇಳಲಿ," ಎಂದು ಎದ್ದಳು.

"ಅವರನ್ನ ಕೇಳಿ ಏನು ಬಂತು? ಮುರಿದಾರು, ಬಾಗೋರಲ್ಲ," ಎಂದು ಪಕ್ಕದ ಮನೆಯ ದರ್ಜಿಯಮ್ಮ ಕಣ್ಣೊರೆಸಿಕೊಂಡಳು.

ನನಗೆ ತಂಗಿಯ ಹಲ್ಲಿನ ಗುರುತು ಬಿದ್ದ ಟಾರ್ಚು ನೆನಪಾಯಿತು. "ಕೂತ್ಕೋ ತಾಯಿ. ಸಹಿ ಎಲ್ಲಿ ಹಾಕ್ಬೇಕು ತೋರಿಸು. ನನಗೆ ಕಣ್ಣು ಮಂಜಾಗಿದೆ," ಎಂದೆ. ಸಹಿ ಮಾಡಿ, ತಂಗಿಯನ್ನು ಮನೆಗೆ ಕರೆತರಲು ಹೊರಟೆ.

ದೀಪಗಳು ಬಂದ ಮೇಲೆ ಮೊದಲ ಹೆರಿಗೆ ದರ್ಜಿಯಮ್ಮನ ಸೊಸೆಯದು. ತಂಗಿಯ ಕೈಯಲ್ಲಿ ಕಲಿತ ಹುಡುಗಿ ಒಳಗಿದ್ದಳು. ನಾವು ಹೊರಗೆ ಕೂತಿದ್ದೆವು.

"ತಿಣುಕು ಅಕ್ಕಾ, ತಿಣುಕು! ಅತ್ತೆ ಮೇಲಿನ ಸಿಟ್ಟನ್ನೆಲ್ಲ ಈಗ ತೋರ್ಸು!" ಒಳಗಿಂದ ಆ ಹುಡುಗಿಯ ದನಿ.

"ನನಗೆ ಕೇಳಿಸ್ತಿದೆ ಕಣೇ!" ಎಂದು ದರ್ಜಿಯಮ್ಮ ಕೂಗಿದಳು. ಒಳಗೆ ನೋವಿನ ನಡುವೆಯೇ ನಗು. ಆಮೇಲೆ ಮಗುವಿನ ಅಳು.

ನಾನು ಕೈಮುಗಿದೆ. ದೇವರೇ, ಕಂತು ಇನ್ನೂ ಉಳಿದಿದೆ, ಕಟ್ಟುತ್ತೇನೆ. ನನ್ನ ತಂಗಿ ಬಾಯಿ ಬಿಗಿದುಕೊಂಡು ಬಹುಕಾಲ ದುಡಿದವಳು. ಅವಳ ದಣಿದ ದವಡೆಗೂ ಜೀವಕ್ಕೂ ನಿನ್ನ ಸನ್ನಿಧಿಯಲ್ಲಿ ಶಾಂತಿ ಕೊಡು.