ದಾಖಲೆಯಲ್ಲಿಲ್ಲದ ಕಂಬ

ನಮ್ಮ ಮೆಟ್ಟಿಲಿಗೂ ಗೇಟಿಗೂ ನಡುವೆ ಒಂದು ಕಬ್ಬಿಣದ ಕಂಬ ನಿಂತಿತ್ತು. ತಂತಿಯಿಲ್ಲ, ದೀಪವಿಲ್ಲ. ವಿದ್ಯುತ್ ಕಂಪನಿಯವರು ಹೊಸ ಕೇಬಲ್ಲನ್ನು ನೆಲದೊಳಗೆ ಹೂತರು, ಹಳೆಯ ಕಂಬವನ್ನು ನಮ್ಮ ತಲೆಗೆ ಕಟ್ಟಿ ಹೋದರು.

ಅದನ್ನು ನೆಟ್ಟವನು ನನ್ನಪ್ಪನೇ. ಆಗ ಅದೇ ಕಂಪನಿಯಲ್ಲಿ ಲೈನ್‌ಮನ್. ಬೇರೆಯವರು ತಕರಾರು ತೆಗೆಯುತ್ತಾರೆಂದು ಸ್ವಂತ ಅಂಗಳವನ್ನೇ ಬಿಟ್ಟುಕೊಟ್ಟಿದ್ದ. ಈಗ ಅವನ ಕಾಲು ಸ್ವಾಧೀನದಲ್ಲಿರಲಿಲ್ಲ. ಗಾಲಿಕುರ್ಚಿ ಆ ಕಂಬದ ಪಕ್ಕ ತೂರುತ್ತಿರಲಿಲ್ಲ.

ಎದುರಿಗೇ ಕ್ಷೌರದಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅಪ್ಪನ ಹಳೆಯ ಗೆಳೆಯ, ಕ್ಷೌರಿಕ, ಹಾಸಿಗೆ ಹಿಡಿದಿದ್ದ. ಅಪ್ಪನಿಗೆ ಒಂದೇ ಆಸೆ, ಅವನನ್ನು ಹೋಗಿ ನೋಡಬೇಕು. ಎತ್ತಿಕೊಂಡು ಹೋಗುತ್ತೇವೆಂದರೆ ಕೇಳಲಿಲ್ಲ.

"ಬದುಕಿರುವಾಗಲೇ ನಾಲ್ಕು ಜನರ ಹೆಗಲು ಬೇಡ. ಕಂಬ ತೆಗೆಸು, ನಾನೇ ಹೋಗ್ತೀನಿ."

"ನಾನೇ ಕಡಿಸಿಬಿಡ್ಲಾ?"

"ಕಂಪನಿ ಸ್ವತ್ತು ಕಣೇ. ಮುಟ್ಟಿದ್ರೆ ನಿನ್ನ ಮೇಲೇ ಕೇಸು."

ಹೊಲಿಗೆ ಮಷಿನ್ ಮುಚ್ಚಿಟ್ಟು ಆಫೀಸಿಗೆ ಅಲೆದೆ. ಹನ್ನೊಂದು ಅರ್ಜಿ ಕೊಟ್ಟೆ. ಒಬ್ಬನೂ ಇತ್ತ ತಲೆ ಹಾಕಲಿಲ್ಲ. ಕೊನೆಗೆ ಕೋರ್ಟಿಗೆ ಹೋದೆ. ಎರಡು ವರ್ಷ ಬರೀ ವಾಯಿದೆ. ಅಷ್ಟರಲ್ಲಿ ಕ್ಷೌರಿಕ ತೀರಿಕೊಂಡ. ಶವ ನಮ್ಮ ಗೇಟಿನ ಮುಂದೆಯೇ ಹೋಯಿತು. ಅಪ್ಪ ಹೊಸ್ತಿಲಲ್ಲಿ ಕೂತು, ಕಂಬದ ಪಕ್ಕ ಕಂಡಷ್ಟನ್ನು ನೋಡಿದ.

ಅದಾಗಿ ಹತ್ತೊಂಬತ್ತು ದಿನಕ್ಕೆ ತೀರ್ಪು ಬಂತು. ಕಂಬ ಕಿತ್ತರೆ ಅದರ ನಂಬರ್ ಪ್ಲೇಟು ಕಂಪನಿಯ ಉಗ್ರಾಣಕ್ಕೆ ವಾಪಸಾಗಬೇಕು, ಅದು ಅವರ ಪದ್ಧತಿ. ಕೇಬಲ್ ಹೂತಾಗ ಹಳೆಯ ಕಂಬ ಕೀಳಲು ಕಂಪನಿ ನೇಮಿಸಿದ್ದ ಗುತ್ತಿಗೆದಾರ ಪ್ಲೇಟನ್ನಷ್ಟೇ ಕಿತ್ತು ಒಪ್ಪಿಸಿ, ಕಂಬ ತೆಗೆದಿದ್ದೇನೆಂದು ದಾಖಲೆಯಲ್ಲಿ ಬರೆಸಿದ್ದ.

"ಪ್ಲೇಟು ನಮ್ಮಲ್ಲಿದೆ. ಆದ್ದರಿಂದ ಆ ಜಾಗದಲ್ಲಿ ನಮ್ಮ ಕಂಬ ಇಲ್ಲ," ಎಂದ ಕಂಪನಿಯ ವಕೀಲ. ನಾನು ಫೋಟೋ ತೋರಿಸಿದೆ. ಅದರಲ್ಲಿ ನಂಬರ್ ಇಲ್ಲವಲ್ಲ ಎಂದ. ಕೇಸು ವಜಾ ಆಯಿತು.

"ತೀರ್ಪಿನ ನಕಲು ತಂದ್ಯಾ?" ಎಂದು ಅಪ್ಪ ಕೇಳಿದ.

"ತಂದಿದ್ದೀನಿ. ಒಲೆಗೆ ಹಾಕ್ಲಾ?"

"ಜೋಪಾನವಾಗಿಡು. ವೆಲ್ಡಿಂಗ್‌ನವನನ್ನ ಕರಿ."

ಮರುದಿನ ಬೆಳಿಗ್ಗೆ ಕಂಬ ನೆಲಮಟ್ಟಕ್ಕೆ ತುಂಡಾಗಿ ಉರುಳಿತು. ಹನ್ನೊಂದು ಅರ್ಜಿಗೆ ಬಾರದ ಇಂಜಿನಿಯರ್ ಮಧ್ಯಾಹ್ನದೊಳಗೆ ಓಡಿ ಬಂದ.

"ಕಂಪನಿ ಕಂಬ ಕಡಿದಿದ್ದೀರಿ. ಕೇಸ್ ಹಾಕ್ತೀವಿ."

ಅಪ್ಪ ನಕಲನ್ನು ಚಾಚಿದ. "ಯಾವ ಕಂಬ, ಸಾಹೇಬ್ರೇ?"

ಇಂಜಿನಿಯರ್ ಎರಡು ಸಲ ಓದಿ, ಮಡಿಸಿ ಕೊಟ್ಟು ಹೊರಟುಹೋದ. ಗೆದ್ದೆವೆಂದು ನಗಬೇಕಿತ್ತು. ನನಗೆ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತ್ತು.

ಮೆಟ್ಟಿಲಿಗೆ ಹಲಗೆ ಹಾಕಿದೆ. ಅಪ್ಪ ಗಾಲಿಯನ್ನು ತಾನೇ ತಿರುಗಿಸಿಕೊಂಡು ಗೇಟು ದಾಟಿದ, ರಸ್ತೆ ದಾಟಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಕ್ಷೌರದಂಗಡಿಯ ಶೆಟರ್ ಎಳೆದಿತ್ತು. ಅದರ ಮೇಲೆ ಅಂಗೈ ಊರಿ ಕೂತ.

"ನಾನೇ ನೆಟ್ಟಿದ್ದು ಕಣೇ," ಎಂದ. "ನಾನೇ."